ಕಾರ್ಖಾನೆಯಲ್ಲೊಂದು ಬಿಸಿನೀರಿನ ನಲ್ಲಿ

ದೆಹಲಿಯ ಚಳಿ ಎಂಥದೆಂದು ಊರಿನವರಿಗೆ ಕಾಗದದಲ್ಲಿ ಬರೆದು ತಿಳಿಸುವುದು ಕಷ್ಟ. ಬೆಳಗಿನ ಹೊತ್ತು ಉಷ್ಣಮಾನ 4-5 ಡಿಗ್ರಿಗೆ ಇಳಿದಾಗ ತಾರಸಿಯ ತೊಟ್ಟಿಯ ನೀರು ಚೇಳಿನಂತೆ ಕುಟುಕುತ್ತದೆ. ನಾವು ಗುಮಾಸ್ತರು ಮಫ್ಲರು ಸುತ್ತಿಕೊಂಡು ಕಡತಗಳ ಮರೆಯಲ್ಲಿ ಹೇಗೋ ಕಾಲ ಹಾಕುತ್ತೇವೆ. ಕಬ್ಬಿಣ ಹಿಡಿದು ದುಡಿಯುವವರ ಪಾಡೇನು?

ಡಿಸೆಂಬರಿನ ಕೊನೆಯ ಶನಿವಾರ, ಧಾರವಾಡದ ಕಡೆಯ ಮಿತ್ರರೊಬ್ಬರ ಮೋಟಾರು ರಿಪೇರಿ ಕಾರ್ಖಾನೆಗೆ ಹೋಗಿದ್ದೆ. ತಗಡಿನ ಮಾಡು, ಏಳು ಮಂದಿ ಕೆಲಸಗಾರರು. ಊಟದ ಹೊತ್ತಿಗೆ ಒಬ್ಬ ಹುಡುಗ, ತಣ್ಣೀರಿಗೆ ಗ್ರೀಸು ಬಿಡದೆಂದು ಪೆಟ್ರೋಲಿನಲ್ಲಿ ಕೈ ತೊಳೆದು, ಅದೇ ಕೈಯನ್ನು ಇದ್ದಿಲ ಅಗ್ಗಿಷ್ಟಿಕೆಯ ಕಡೆಗೆ ಚಾಚಲು ಹೊರಟ. ಮಿತ್ರರು ಕೂಗಿ ಎಳೆದುಕೊಂಡರು. ಸದ್ಯ, ಬದುಕಿದೆವು! ಹುಡುಗನ ಬೆರಳ ಸಂದುಗಳು ಬಿರಿದು ರಕ್ತ ಒಸರುತ್ತಿತ್ತು.

"ಊರಾಗಾದ್ರ ಬಚ್ಚಲ ಹಂಡ್ಯಾಗ ಯಾವಾಗ್ಲೂ ಬಿಸಿನೀರು ಇರ್ತಿತ್ರೀ. ಇಲ್ಲಿ ಹಂಡೆ ಎಲ್ಲಿಡೂದು, ಕಟಗಿ ಎಲ್ಲಿಂದ ತರೂದು?" ಎಂದರು ಮಿತ್ರರು.

ನಾನು ಬರಿಯ ಬಿ.ಎ.; ಆದರೂ ಲೆಕ್ಕ ಹಾಕುವುದು ನನ್ನ ಹೊಟ್ಟೆಪಾಡಲ್ಲವೇ? ಹಳೆಯ ಬಿಲ್ಲಿನ ಬೆನ್ನ ಮೇಲೆ ಬರೆಯುತ್ತ ಕುಳಿತೆವು. ತಲೆಗೆ 3 ಲೀಟರಿನಂತೆ 21 ಲೀಟರು ಬೆಚ್ಚನೆಯ ನೀರು ಬೇಕು. ನೀರು ಹರಿದಂತೆಯೇ ಕಾಯಿಸಿ ಕೊಡುವ 3 ಕಿಲೋವಾಟಿನ ಪುಟ್ಟ ಗೀಸರಿನ ಮೇಲೆ ಮಿತ್ರರಿಗೆ ಮನಸ್ಸು. ಆದರೆ 12 ಡಿಗ್ರಿಯ ನೀರನ್ನು 40ಕ್ಕೆ ಏರಿಸುವುದಾದರೆ ಅದು ನಿಮಿಷಕ್ಕೆ ಒಂದೂವರೆ ಲೀಟರು ಕೊಟ್ಟೀತು, ಅಷ್ಟೇ. ಏಳು ಮಂದಿಗೆ 14 ನಿಮಿಷ; ಅರ್ಧ ಗಂಟೆಯ ಬಿಡುವಿನಲ್ಲಿ ಅರ್ಧಪಾಲು ಕೈತೊಳೆಯುವುದಕ್ಕೇ ಸರಿ!

15 ಲೀಟರಿನ ತೊಟ್ಟಿಯುಳ್ಳ 2 ಕಿಲೋವಾಟಿನ ಗೀಸರಾದರೆ, ಊಟಕ್ಕೆ ಮುಂಚೆ 25 ನಿಮಿಷ ಹಾಕಿದರೆ ನೀರು 60 ಡಿಗ್ರಿಗೆ ಕಾಯುತ್ತದೆ. ತಗಲುವ ವಿದ್ಯುತ್ತು ಒಂದು ಯೂನಿಟ್ಟಿಗೂ ಕಡಿಮೆ. ತಣ್ಣೀರು ಬೆರೆಸಿಕೊಂಡರೆ ಏಳು ಮಂದಿಗೂ ಸಾಲುತ್ತದೆ. ಗ್ಯಾಸಿನ ಗೀಸರು ಬೇಡವೆಂದೆವು. ಚಳಿಗೆ ಷಟರು ಎಳೆದುಕೊಂಡ ಜಾಗದಲ್ಲಿ ಉರಿ ಹೊತ್ತಿಸಿದರೆ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಳ್ಳಬಹುದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ; ಸದ್ದಿಲ್ಲದೆ ಪ್ರಾಣ ಒಯ್ಯುತ್ತದೆ. ಇದ್ದಿಲ ಅಗ್ಗಿಷ್ಟಿಕೆಗೂ ಇದೇ ದೋಷ.

ಮರುವಾರವೇ ಎಲೆಕ್ಟ್ರಿಷಿಯನ್ ಬಂದ. ಬೋರ್ಡಿನಿಂದ ಪ್ರತ್ಯೇಕ ತಂತಿ, 16 ಆಂಪಿಯರಿನ ಪ್ಲಗ್ಗು, ಸರಿಯಾದ ಅರ್ಥಿಂಗು, ಸೋರಿಕೆಯಾದರೆ ತಾನೇ ಆರುವ ಬ್ರೇಕರು ಹಾಕಿಸಿದ್ದಾಯಿತು. ಕೊಳವೆ ಉದ್ದವಾದಷ್ಟೂ ನೀರು ದಾರಿಯಲ್ಲೇ ಆರುವುದರಿಂದ ಗೀಸರನ್ನು ಕೈತೊಳೆಯುವ ತೊಟ್ಟಿಯ ನೇರ ಮೇಲೆಯೇ ಕೂರಿಸಿದರು. ಒತ್ತಡ ಹೆಚ್ಚಿದರೆ ನೀರನ್ನು ಹೊರಬಿಡುವ ಕವಾಟದ ಬಾಯನ್ನು ಮಾತ್ರ ಯಾರೂ ಕಟ್ಟಬಾರದೆಂದು ಆತ ಎರಡು ಸಲ ಹೇಳಿ ಹೋದ.

ಸಂಕ್ರಾಂತಿಯ ದಿನ ಎಳ್ಳುಬೆಲ್ಲ ಕೊಡಲು ಹೋದೆ. ಆ ಹುಡುಗ ಓಡಿಬಂದು "ಸಾಬ್, ಪಾನಿ ಗರಮ್ ಹೈ" ಎಂದು ನಲ್ಲಿಯನ್ನು ತಾನೇ ತಿರುಗಿಸಿ ತೋರಿಸಿದ. ಆಮೇಲೆ ಸಾಬೂನು ಹಚ್ಚಿ ತೊಳೆದ ಅಂಗೈಯನ್ನು ನನ್ನ ಮುಂದೊಡ್ಡಿದ. ಬಿರುಕುಗಳು ಮಾಯುತ್ತ ಬಂದಿದ್ದವು.

ವಾಚಕರೇ, ನಿಮ್ಮಲ್ಲಿ ಅನೇಕರ ಮನೆಯಲ್ಲಿ ಬಕೀಟಿನೊಳಗಿಡುವ ರಾಡು ಇರಬಹುದು. ಸ್ವಿಚ್ಚು ಆರಿಸಿ ಪ್ಲಗ್ಗು ಕಿತ್ತ ಹೊರತು ನೀರಿಗೆ ಬೆರಳಿಡಬೇಡಿ. ಮಕ್ಕಳಿಗೂ ಇದನ್ನು ಕಲಿಸಿಡಿ. ಚಳಿಗಾಲವೇನೋ ಫೆಬ್ರವರಿಗೆ ಹೊರಟುಹೋಗುತ್ತದೆ, ನಾವು ಇರಬೇಕಲ್ಲ!