ಮೇಜು ಎಷ್ಟು ಏರುತ್ತೆ ಅನ್ನೋದಿರಲಿ, ಎಷ್ಟು ಇಳಿಯುತ್ತೆ ಕೇಳಿ

‘ಅಲ್ಲೋ, ನಿಂತ್ಕಳಾಕೆ ದುಡ್ಡು ಕೊಟ್ಟು ಟೇಬಲ್ ತಂದ್ರಾ?’

ಕಬ್ಬಿಣದ ಎರಡು ಕಾಲು, ಒಂದು ಕಂಟ್ರೋಲ್ ಬಾಕ್ಸ್, ಒಂದು ಕವರ್ ತುಂಬ ಬೋಲ್ಟು ನಮ್ಮ ಪಡಸಾಲೆಗೆ ಬಂದಿಳಿದಾಗ ಅಮ್ಮ ಕೇಳಿದ ಪ್ರಶ್ನೆ ಇದು. ಅಮ್ಮ ದಾವಣಗೆರೆಯ ಬಟ್ಟೆ ಅಂಗಡಿಯೊಂದರಲ್ಲಿ ಹನ್ನೊಂದು ವರ್ಷ ಸೇಲ್ಸ್ ಕೆಲಸ ಮಾಡಿದವಳು. ಬೆಳಿಗ್ಗೆ ಹತ್ತರಿಂದ ರಾತ್ರಿ ಎಂಟೂವರೆವರೆಗೆ ನಿಂತೇ ಇರಬೇಕು. ಗಿರಾಕಿ ಇಲ್ಲದ ಹೊತ್ತಲ್ಲೂ ಕೂರುವಂತಿರಲಿಲ್ಲ. ಈಗ ಅವಳ ಮೀನಖಂಡದ ನರಗಳು ಉಬ್ಬಿಕೊಂಡಿವೆ. ಅಂಥವಳ ಎದುರು ‘ನಿಂತು ಕೆಲಸ ಮಾಡೋದು ಆರೋಗ್ಯಕ್ಕೆ ಒಳ್ಳೇದಮ್ಮಾ’ ಅನ್ನುವ ಧೈರ್ಯ ನನಗಾಗಲಿಲ್ಲ.

ಮೇಜು ಬೇಕಾಗಿದ್ದದ್ದು ಅಕ್ಕನಿಗೆ. ಬೆಂಗಳೂರಿನ ಕಂಪನಿ ಕೆಲಸವನ್ನು ಎರಡು ವರ್ಷದಿಂದ ಮನೆಯಲ್ಲೇ ಕೂತು ಮಾಡುತ್ತಾಳೆ. ಮಂಚ, ಮಂಚದ ಮೇಲೊಂದು ದಿಂಬು, ದಿಂಬಿನ ಮೇಲೆ ಲ್ಯಾಪ್‌ಟಾಪ್. ಅದೇ ಅವಳ ಆಫೀಸು. ಕತ್ತುನೋವು ಭುಜಕ್ಕಿಳಿದು, ಬೆರಳು ಜೋಮು ಹಿಡಿಯತೊಡಗಿದಾಗ ಫಿಸಿಯೋಥೆರಪಿಸ್ಟ್ ‘ಒಂದೇ ಭಂಗಿಯಲ್ಲಿ ತುಂಬಾ ಹೊತ್ತು ಇರಬೇಡಿ’ ಎಂದರು. ನನ್ನ ಕಾಲೇಜು ಫೀಸು ಅವಳ ಸಂಬಳದಿಂದಲೇ ಹೋಗುವುದು. ಹಾಗಾಗಿ ಆ ಕತ್ತಿನ ಚಿಂತೆ ಮನೆಮಂದಿಗೆಲ್ಲ. ಬೆಂಗಳೂರಿನಲ್ಲಿ ರೂಮು ಖಾಲಿ ಮಾಡುತ್ತಿದ್ದ ಒಬ್ಬರಿಂದ ಮೋಟಾರ್ ಇರುವ ಸೆಕೆಂಡ್ ಹ್ಯಾಂಡ್ ಫ್ರೇಮ್ ಸಿಕ್ಕಿತು. ಹೊಸದರ ಅರ್ಧಕ್ಕಿಂತ ಕಡಿಮೆ ಬೆಲೆ, ಮೇಲಿನ ಹಲಗೆ ಮಾತ್ರ ಇಲ್ಲ. ‘ನೀನು ಮೆಕ್ಯಾನಿಕಲ್ ಅಲ್ವಾ, ಜೋಡಿಸು’ ಎಂದಳು ಅಕ್ಕ.

ಐದನೇ ಸೆಮಿಸ್ಟರಿನ ಮೆಕ್ಯಾನಿಕಲ್ ವಿದ್ಯಾರ್ಥಿಯ ಬಂಡವಾಳ ಅರ್ಧ ಗಂಟೆಯಲ್ಲೇ ಹೊರಬಿತ್ತು. ಒಂದೊಂದೇ ಬೋಲ್ಟನ್ನು ಅಲೆನ್ ಕೀಯಿಂದ ಬಿಗಿ ಮಾಡುತ್ತಾ ಹೋದೆ. ನಾಲ್ಕನೆಯದರ ತೂತು ಕೂಡಲೇ ಇಲ್ಲ. ಎಲ್ಲ ಬೋಲ್ಟುಗಳನ್ನೂ ಮೊದಲು ಕೈಯಲ್ಲಿ ಸಡಿಲವಾಗಿ ಹಾಕಿ, ಚೌಕಟ್ಟು ನೇರ ಮಾಡಿಕೊಂಡು, ಆಮೇಲೆ ಬಿಗಿಯಬೇಕು. ಬಡಗಿ ಅಣ್ಣ 18 ಮಿ.ಮೀ. ಪ್ಲೈವುಡ್ಡನ್ನು ನಾಲ್ಕಡಿ ಉದ್ದ, ಎರಡಡಿ ಅಗಲಕ್ಕೆ ಕೊಯ್ದು ಕೊಟ್ಟರು. ನಾನು ಕವರಿನಲ್ಲಿದ್ದ 25 ಮಿ.ಮೀ. ಸ್ಕ್ರೂಗಳನ್ನೇ ತಿರುಗಿಸಿದೆ. ಫ್ರೇಮಿನ ತಗಡು 2 ಮಿ.ಮೀ. ಕಳೆದರೂ ಇನ್ನೂ 23 ಉಳಿಯಿತಲ್ಲ! ಹೊಚ್ಚಹೊಸ ಹಲಗೆಯ ಮೇಲೆ ಎರಡು ಸ್ಕ್ರೂಗಳ ಮೂತಿ ಇಣುಕಿತು. ಒಂದನೇ ಕ್ಲಾಸಿನ ಕಳೆಯುವ ಲೆಕ್ಕ. ಆ ಜಾಗದ ಮೇಲೆ ಈಗ ಮೌಸ್ ಪ್ಯಾಡ್ ಇದೆ.

ಮೇಲೆತ್ತಿದಾಗ ಮೇಜು ಅಲ್ಲಾಡುವುದು ಮಾತ್ರ ನನ್ನ ತಪ್ಪಲ್ಲ. ಕಾಲನ್ನು ಸಾದಾ ಕ್ಯಾಂಟಿಲೀವರ್ ಎಂದುಕೊಂಡರೆ ಅದರ ಬಾಗು ಉದ್ದದ ಘನಕ್ಕೆ ಅನುಪಾತ. 73 ಸೆಂ.ಮೀ.ನಲ್ಲಿ ಗಟ್ಟಿಯಾಗಿ ನಿಂತ ಮೇಜು 112ಕ್ಕೆ ಏರಿದಾಗ ಅಷ್ಟೇ ಬಲಕ್ಕೆ ಮೂರೂವರೆ ಪಟ್ಟಿಗಿಂತ ಹೆಚ್ಚು ಓಲಾಡುತ್ತದೆ. ಪರೀಕ್ಷೆಗೆಂದು ಉರುಹೊಡೆದ ಸೂತ್ರ ಮನೆಯ ರೆಡ್ ಆಕ್ಸೈಡ್ ನೆಲದ ಮೇಲೆ ನಡುಗುತ್ತಾ ನಿಂತಿದ್ದನ್ನು ನೋಡಿ ನನಗಂತೂ ಖುಷಿಯಾಯಿತು. ಅಕ್ಕನಿಗೆ ಆಗಲಿಲ್ಲ. ಪಾದದ ಕೆಳಗಿನ ತಿರುಪುಗಳನ್ನು ನೆಲದ ಉಬ್ಬುತಗ್ಗಿಗೆ ಸರಿಯಾಗಿ ಹೊಂದಿಸಿದ ಮೇಲೆ ಓಲಾಟ ಬಹಳ ಕಡಿಮೆಯಾಯಿತು.

ಅಸಲಿ ಸಮಸ್ಯೆ ಗೊತ್ತಾಗಿದ್ದು ಅಕ್ಕ ಕುರ್ಚಿ ಎಳೆದುಕೊಂಡು ಕೂತಾಗ. ಇಂಥ ಮೇಜು ಕೊಳ್ಳುವವರೆಲ್ಲ ಅದು ಎಷ್ಟು ಎತ್ತರ ಏರುತ್ತದೆ ಎಂದು ವಿಚಾರಿಸುತ್ತಾರೆ. ನಾವೂ ಅಷ್ಟೇ ಕೇಳಿದ್ದು. ನಮ್ಮ ಫ್ರೇಮ್ ಪೂರ್ತಿ ಇಳಿದರೂ ಹಲಗೆ ಸೇರಿ 73 ಸೆಂ.ಮೀ. ಅಕ್ಕನ ಎತ್ತರ 155. ಪಾದ ನೆಲಕ್ಕೂರಿ ಕೂತರೆ ಅವಳ ಮೊಣಕೈ ಇರುವುದು 62ರಲ್ಲಿ. ಹನ್ನೊಂದು ಸೆಂ.ಮೀ. ವ್ಯತ್ಯಾಸ! ಟೈಪ್ ಮಾಡಬೇಕಾದರೆ ಭುಜ ಎತ್ತಿ ಹಿಡಿಯಲೇಬೇಕು. ಯಾವ ನೋವಿಗೆ ಮೇಜು ತಂದೆವೋ ಆ ನೋವನ್ನೇ ಅದು ಬಟನ್ ಒತ್ತಿ ಕೊಡುತ್ತಿತ್ತು. ಕಾಲು ಮೂರು ಹಂತದಲ್ಲಿ ಮಡಚಿಕೊಳ್ಳುವ ಫ್ರೇಮುಗಳು ಇನ್ನೂ ಕೆಳಗಿಳಿಯುತ್ತವೆ, ನಮ್ಮದು ಎರಡೇ ಹಂತದ್ದು. ಐದಡಿ ಆಸುಪಾಸಿನ ಎಷ್ಟೋ ಮಂದಿಗೆ, ಅದರಲ್ಲೂ ನಮ್ಮ ಅಕ್ಕ ಅಮ್ಮಂದಿರಿಗೆ, ಈ ‘ಎಲ್ಲರ ಅಳತೆಗೂ ಹೊಂದುವ’ ಮೇಜು ಹೊಂದುವುದಿಲ್ಲ.

ಆಗ ನೆನಪಾದದ್ದು ಮೊದಲ ವರ್ಷದ ವರ್ಕ್‌ಶಾಪ್. ಫಿಟ್ಟಿಂಗ್ ಜಾಬಿಗೆ ಅರ ಹಿಡಿಯುವ ಮೊದಲು ಇನ್‌ಸ್ಟ್ರಕ್ಟರ್ ನಮ್ಮನ್ನು ವೈಸ್ ಮುಂದೆ ನಿಲ್ಲಿಸಿ, ವೈಸ್ ಮೊಣಕೈ ಮಟ್ಟಕ್ಕಿರಬೇಕು, ಗಿಡ್ಡ ಇರುವವರು ಕಾಲಡಿಗೆ ಮಣೆ ಹಾಕಿಕೊಳ್ಳಿ ಎಂದಿದ್ದರು. ಅಂದು ನಕ್ಕಿದ್ದೆವು. ಮೇಜು ಇಳಿಯದಿದ್ದರೆ ನೆಲ ಏರಲಿ ಎಂದು ಉಳಿದ ಪ್ಲೈವುಡ್ಡಿನಲ್ಲೇ 11 ಸೆಂ.ಮೀ. ಎತ್ತರದ ಕಾಲುಮಣೆ ಮಾಡಿದೆ, ಕುರ್ಚಿಯನ್ನೂ ಅಷ್ಟೇ ಏರಿಸಿದೆವು. ಸುಮಾರು ನಾನೂರು ರೂಪಾಯಿ ಖರ್ಚಾಯಿತು. ಅಕ್ಕನ ಭುಜ ಇಳಿದಿದ್ದು ಮೋಟಾರಿನಿಂದಲ್ಲ, ಈ ಮಣೆಯಿಂದ. ನಿಲ್ಲುವಾಗಲೂ ಮೊಣಕೈಯೇ ಲೆಕ್ಕ: ಅವಳಿಗೆ 98, ನನಗೆ 112. ಲ್ಯಾಪ್‌ಟಾಪ್ ಪರದೆ ಕಣ್ಣಿನ ಮಟ್ಟಕ್ಕೆ ಬರಲು ನನ್ನ ಹಳೇ ಸೆಮಿಸ್ಟರ್ ಪುಸ್ತಕಗಳಿವೆ, ಕೀಬೋರ್ಡ್ ಬೇರೆ.

ವೈರುಗಳ ವಿಷಯಕ್ಕೆ ಒಂದೇ ಮಾತು. ಸ್ಪೈಕ್ ಬಸ್ಟರನ್ನು ಹಲಗೆಯ ಅಡಿಗೇ ಕೂರಿಸಿ, ಗೋಡೆಗೆ ಒಂದೇ ವೈರ್ ಸಡಿಲವಾಗಿ ಇಳಿಬಿಡಿ. ಇಲ್ಲವಾದರೆ ಮೇಜು ಏರುವಾಗ ಚಾರ್ಜರ್ ಕಿತ್ತುಕೊಂಡು ಬರುತ್ತದೆ. ಕರೆಂಟ್ ಕಥೆ ಇನ್ನೂ ಚೆನ್ನಾಗಿದೆ. ಒಂದು ಮಧ್ಯಾಹ್ನ ಅಕ್ಕ ನಿಂತಿದ್ದಾಗ ಕರೆಂಟ್ ಹೋಯಿತು. ಸ್ಕ್ರೂ ಯಂತ್ರವಾದ್ದರಿಂದ ಮೇಜು ಕುಸಿಯಲಿಲ್ಲ, ಇಳಿಯಲೂ ಇಲ್ಲ. 98ರಲ್ಲಿ ತ್ರಿಶಂಕು. ಎರಡು ಗಂಟೆ ನಿಲ್ಲಲಾಗದೆ ಅವಳು ಹಳೇ ಮಂಚಕ್ಕೇ ಹೋದಳು. ಆಮೇಲೆ ಎಲೆಕ್ಟ್ರಿಷಿಯನ್ ಕರೆಸಿ, ಅರ್ತಿಂಗ್ ಸರಿಮಾಡಿಸಿ, ಆ ಪ್ಲಗ್ಗನ್ನು ಇನ್ವರ್ಟರ್ ಲೈನಿಗೆ ಹಾಕಿಸಿದೆವು. ಆ ಕೆಲಸಕ್ಕೆ ನಾನು ಕೈ ಹಾಕಲಿಲ್ಲ.

ಇಷ್ಟಾದರೂ ಅಮ್ಮನ ಪ್ರಶ್ನೆ ಹಾಗೇ ಇತ್ತು. ಕೋಯಿಕ್ಕೋಡಿನ ಬಟ್ಟೆ ಅಂಗಡಿಗಳ ಹೆಣ್ಣುಮಕ್ಕಳು ಕೂರುವ ಹಕ್ಕಿಗಾಗಿ ವರ್ಷಗಟ್ಟಲೆ ಹೋರಾಡಿದ್ದರು. 2018ರಲ್ಲಿ ಕೇರಳ ಕಾನೂನು ತಿದ್ದಿ ಅಂಗಡಿ ಕೆಲಸಗಾರರಿಗೆ ಆಸನ ಕಡ್ಡಾಯ ಮಾಡಿತು. 2021ರಲ್ಲಿ ತಮಿಳುನಾಡೂ ಅದನ್ನೇ ಮಾಡಿತು. ಇದನ್ನು ಅಮ್ಮನಿಗೆ ಓದಿ ಹೇಳಿದಾಗ ಅವಳು ‘ಹಂಗಾರೆ ಅವ್ರು ಕೂತ್ಕಳಾಕೆ ಜಗಳ ಮಾಡಿದ್ರು, ನೀವು ನಿಂತ್ಕಳಾಕೆ ಸಾಲ ಮಾಡಿದ್ರಿ’ ಎಂದಳು. ಸಾಲವೇನೂ ಮಾಡಿರಲಿಲ್ಲ. ಆದರೆ ಅವಳ ಮಾತಿಗೆ ಎದುರಾಡಲು ನನ್ನ ಬಳಿ ಏನೂ ಇರಲಿಲ್ಲ. ನಾಳೆ ನಮಗೂ ಕೆಲಸ ಸಿಗುತ್ತದೆ, ಮೊದಲ ಸಂಬಳದಲ್ಲಿ ಇಂಥದ್ದೊಂದು ತರುವ ಆಸೆಯೂ ಆಗುತ್ತದೆ. ತನ್ನಿ. ಆದರೆ ದಿನವಿಡೀ ನಿಂತು ಸಾಧಿಸುವ ಹಟ ಬೇಡ; ಅದರ ಫಲ ಏನೆಂದು ನಮ್ಮಮ್ಮನ ಕಾಲು ತೋರಿಸುತ್ತದೆ. ಅಕ್ಕ ನಿಲ್ಲುವುದು ಒಂದು ಸಲಕ್ಕೆ ಇಪ್ಪತ್ತು ಇಪ್ಪತ್ತೈದು ನಿಮಿಷ, ಸಾಮಾನ್ಯವಾಗಿ ಮೀಟಿಂಗ್ ಇದ್ದಾಗ. ಉಳಿದಂತೆ ಕೂರುತ್ತಾಳೆ. ಬೆರಳಿನ ಜೋಮು ಪೂರ್ತಿ ಹೋಗಿಲ್ಲ, ಕಡಿಮೆಯಾಗಿದೆ.

ಮೇಜಿನ ಕೀಪ್ಯಾಡಿನಲ್ಲಿ ಎತ್ತರ ನೆನಪಿಟ್ಟುಕೊಳ್ಳುವ ನಾಲ್ಕು ಬಟನ್‌ಗಳಿವೆ. ಒಂದು, ಎರಡು ಅಕ್ಕನದು, ಮೂರು ನನ್ನದು. ಹೋದ ಭಾನುವಾರ ಅಮ್ಮ ಪಕ್ಕದ ಮನೆಯವರ ಬ್ಲೌಸ್ ಪೀಸ್ ತಂದು ಅದರ ಮೇಲೆ ಹರವಿದಳು. ‘ಇನ್ನೊಂಚೂರು ಮ್ಯಾಕೆ, ಹಾಂ, ಸಾಕು.’ 90 ಸೆಂ.ಮೀ. ನಾಲ್ಕನೇ ಬಟನ್ನಿಗೆ ಅದನ್ನೇ ಹಾಕಿ, ಪಕ್ಕದಲ್ಲೊಂದು ಸ್ಟೂಲ್ ಇಟ್ಟೆ. ಸೀಮೆಸುಣ್ಣದ ಗೆರೆ ಎಳೆದು, ಕತ್ತರಿ ಆಡಿಸಿ ಮುಗಿಸಿದವಳು ಸ್ಟೂಲಿನ ಮೇಲೆ ಕೂತು ಕೇಳಿದಳು: ‘ಕೆಳಗಿಳ್ಸೋ ಬಟನ್ ಯಾವ್ದು, ಅದನ್ನ ತೋರ್ಸು.’