ತುಂಬಿದ ಸಭೆಯಲ್ಲಿ ಅವಳ ಮಾತು

ಒಂದು ಹೆಣ್ಣಿನ ಬೆಲೆ ನಾಲ್ಕು ಎತ್ತು. ಘಾಟಿ ಜಾತ್ರೆಯಲ್ಲಿ ಯಾರೂ ಇಂಥ ವ್ಯಾಪಾರ ಮಾಡಿಲ್ಲ, ಗಾಬರಿ ಬೇಡ. ಗ್ರೀಕರ ಆದಿಕವಿ ಹೋಮರನ ‘ಇಲಿಯಡ್’ ಕಾವ್ಯದ 23ನೇ ಸರ್ಗದಲ್ಲಿ ಬರುವ ಲೆಕ್ಕ ಇದು. ಸತ್ತ ಗೆಳೆಯ ಪೆಟ್ರೊಕ್ಲಸ್‌ನ ಗೌರವಕ್ಕೆ ಅಕಿಲೀಸ್ ಕುಸ್ತಿ ಇಡುತ್ತಾನೆ. ಗೆದ್ದವನಿಗೆ ಹನ್ನೆರಡು ಎತ್ತು ಬಾಳುವ ಮೂರು ಕಾಲಿನ ದೊಡ್ಡ ಪಾತ್ರೆ. ಸೋತವನಿಗೆ ಕೈಕೆಲಸ ಬಲ್ಲ ಒಬ್ಬ ಹೆಣ್ಣು, ನಾಲ್ಕು ಎತ್ತಿನ ಬಾಬತ್ತು. ಪಾತ್ರೆಗಿಂತ ಮೂರು ಪಟ್ಟು ಅಗ್ಗ. ಅವಳಿಗೆ ಕವಿ ಹೆಸರನ್ನೂ ಇಟ್ಟಿಲ್ಲ.

ಆ ಕಾವ್ಯ ಶುರುವಾಗುವುದೇ ಹೆಣ್ಣಿನ ಹಂಚಿಕೆಯ ಜಗಳದಿಂದ. ದೊರೆ ಅಗಮೆಮ್ನಾನ್ ತನ್ನ ಪಾಲಿಗೆ ಬಂದ ಪೂಜಾರಿಯ ಮಗಳನ್ನು ವಾಪಸು ಕೊಡಬೇಕಾಗಿ ಬಂತು. ಆ ನಷ್ಟ ತುಂಬಿಕೊಳ್ಳಲು ಅಕಿಲೀಸನ ಪಾಲಿನ ಬ್ರಿಸೇಯಿಸ್‌ಳನ್ನು ಕಿತ್ತುಕೊಂಡ. ಅಕಿಲೀಸ್ ಸಿಟ್ಟಾಗಿ ಯುದ್ಧ ಬಿಟ್ಟು ಕೂತ. ಆ ಸಿಟ್ಟನ್ನು ಲೋಕ ಎರಡೂವರೆ ಸಾವಿರ ವರ್ಷಗಳಿಂದ ಹಾಡಿಕೊಂಡು ಬಂದಿದೆ. ಬ್ರಿಸೇಯಿಸ್‌ಳ ಗಂಡನನ್ನು ಕೊಂದವನು ಇದೇ ಅಕಿಲೀಸ್. ಅವಳ ಮೂವರು ಅಣ್ಣತಮ್ಮಂದಿರು ಸತ್ತದ್ದೂ ಅದೇ ದಿನ. ಈ ಸಂಗತಿ ಅವಳ ಬಾಯಿಂದ ನಮಗೆ ಕೇಳಿಸುವುದು 19ನೇ ಸರ್ಗದಲ್ಲಿ, ಅದೂ ಬೇರೆಯವನ ಹೆಣದ ಮುಂದೆ ಅಳಲು ಅವಳಿಗೆ ಅವಕಾಶ ಸಿಕ್ಕಾಗ. ಗೋಳಾಡುವುದಕ್ಕೆ ಅಪ್ಪಣೆ ಉಂಟು, ಸಭೆಯಲ್ಲಿ ಬಾಯಿ ಬಿಡುವುದಕ್ಕಿಲ್ಲ.

‘ಒಡಿಸ್ಸಿ’ಗೆ ಬನ್ನಿ. ಪೆನೆಲೊಪಿಯ ಗಂಡ ಒಡಿಸ್ಯೂಸ್ ಇಪ್ಪತ್ತು ವರ್ಷ ಊರಲ್ಲಿಲ್ಲ. ಅದರಲ್ಲಿ ಏಳು ವರ್ಷ ಕಲಿಪ್ಸೋ ಎಂಬ ದೇವತೆಯ ದ್ವೀಪದಲ್ಲಿ, ಒಂದು ವರ್ಷ ಮಾಯಗಾತಿ ಸರ್ಸಿಯ ಮನೆಯಲ್ಲಿ ಇದ್ದ. ಅದಕ್ಕೆ ಯಾರ ವಿಚಾರಣೆಯೂ ಇಲ್ಲ. ಪೆನೆಲೊಪಿ ಮಾತ್ರ ಇಪ್ಪತ್ತು ವರ್ಷವೂ ಪತಿವ್ರತೆಯಾಗಿರಬೇಕು. ಒಂದು ದಿನ ಅವಳು ಪಡಸಾಲೆಗೆ ಇಳಿದು ಬಂದು, ಈ ದುಃಖದ ಹಾಡು ಬೇಡ, ಬೇರೆ ಹಾಡು ಎಂದು ಗಾಯಕನನ್ನು ಕೇಳುತ್ತಾಳೆ. ಮೀಸೆ ಚಿಗುರುವ ವಯಸ್ಸಿನ ಮಗ ಟೆಲಿಮಾಕಸ್ ಎಲ್ಲರೆದುರು ಗದರುತ್ತಾನೆ: ಒಳಗೆ ಹೋಗಿ ಮಗ್ಗ ನೋಡಿಕೋ, ಮಾತು ಗಂಡಸರ ಕೆಲಸ. ಆಕೆ ಮರುಮಾತಿಲ್ಲದೆ ಮಹಡಿ ಹತ್ತುತ್ತಾಳೆ. ಪಾಶ್ಚಾತ್ಯ ಸಾಹಿತ್ಯದಲ್ಲಿ ಗಂಡೊಬ್ಬ ಹೆಣ್ಣಿನ ಬಾಯಿ ಮುಚ್ಚಿಸಿದ ಮೊದಲ ದಾಖಲೆ ಇದೇ ಎಂದು ಕೇಂಬ್ರಿಜ್‌ನ ವಿದ್ವಾಂಸೆ ಮೇರಿ ಬಿಯರ್ಡ್ 2014ರ ಉಪನ್ಯಾಸವೊಂದರಲ್ಲಿ ಹೇಳಿದರು. ಅದೇ ಮನೆಯ ಹನ್ನೆರಡು ದಾಸಿಯರ ಗತಿ ಇನ್ನೂ ಕಠೋರ. ಮನೆಗೆ ನುಗ್ಗಿದ್ದ ಗಂಡಸರೊಂದಿಗೆ ಸಂಗ ಮಾಡಿದರು ಎಂಬ ಆರೋಪ. ಒಡಿಸ್ಯೂಸ್ ಮರಳಿ ಬಂದು ಆ ಗಂಡಸರನ್ನು ಕೊಂದ ಮೇಲೆ, ಮೊದಲು ಹೆಣಗಳನ್ನು ಈ ದಾಸಿಯರಿಂದಲೇ ಹೊರಿಸಿದರು, ರಕ್ತವನ್ನು ಅವರಿಂದಲೇ ತೊಳೆಸಿದರು, ಆಮೇಲೆ ಅವರನ್ನು ಹಡಗಿನ ಹಗ್ಗಕ್ಕೆ ನೇಣು ಹಾಕಿದರು. ಧಣಿ ಮನೆಯಲ್ಲಿ ಆಳುಮಗಳ ಒಪ್ಪಿಗೆಗೆ ಏನು ಅರ್ಥ ಎಂದು ಅಲ್ಲಿ ಯಾರೂ ಕೇಳಲಿಲ್ಲ.

ರೋಮನ್ನರು ಇದನ್ನು ತಿದ್ದಿದರೇ? ವರ್ಜಿಲನ ‘ಈನೀಡ್’ನಲ್ಲಿ ಟ್ರಾಯ್ ನಗರ ಉರಿಯುವಾಗ ನಾಯಕ ಈನಿಯಸ್ ಅಪ್ಪನನ್ನು ಹೆಗಲ ಮೇಲೆ ಹೊರುತ್ತಾನೆ, ಮಗನ ಕೈ ಹಿಡಿಯುತ್ತಾನೆ, ಹೆಂಡತಿಗೆ ಹಿಂದೆ ಬಾ ಎನ್ನುತ್ತಾನೆ. ಹಿಂದೆ ಬಂದವಳು ಕಳೆದೇ ಹೋಗುತ್ತಾಳೆ. ಮುಂದೆ ಕಾರ್ಥೇಜಿನ ರಾಣಿ ಡೈಡೋ ಅವನನ್ನು ಪ್ರೀತಿಸಿ, ಅವನು ಬಿಟ್ಟು ಹೋದಾಗ ಚಿತೆಯೇರಿ ಕತ್ತಿಯಿಂದ ಇರಿದುಕೊಂಡು ಸಾಯುತ್ತಾಳೆ. ಕೊನೆಗೆ ಯಾರ ಕೈ ಹಿಡಿಯಬೇಕೆಂದು ಇಟಲಿಯಲ್ಲಿ ಯುದ್ಧವೇ ನಡೆಯಿತೋ, ಆ ಲವೀನಿಯಾ ಇಡೀ ಕಾವ್ಯದಲ್ಲಿ ಒಂದು ಮಾತೂ ಆಡುವುದಿಲ್ಲ. ಓವಿಡ್ ಹೇಳುವ ಕತೆಯಲ್ಲಿ ಕಡಲದೇವರು ಮೆಡುಸಾಳನ್ನು ಗುಡಿಯೊಳಗೇ ಕೆಡಿಸುತ್ತಾನೆ. ಶಿಕ್ಷೆ ದೇವರಿಗಾಗಲಿಲ್ಲ, ಅವಳ ಕೂದಲು ಹಾವಾಯಿತು. ಫಿಲೊಮೆಲಾಳನ್ನು ಕೆಡಿಸಿದ ದೊರೆ ಅವಳ ನಾಲಿಗೆಯನ್ನೇ ಕತ್ತರಿಸಿದ. ಅವಳು ಆ ಕತೆಯನ್ನು ಬಟ್ಟೆಯಲ್ಲಿ ನೇಯ್ದು ಅಕ್ಕನಿಗೆ ಕಳಿಸಿದಳು.

ಗೌರಿಬಿದನೂರು ಸೀಮೆಯವರಿಗೆ ಈ ಗ್ರೀಕ್ ಪುರಾಣವೆಲ್ಲ ಯಾಕೆ ಎನ್ನಬಹುದು. ಕಾರಣವಿದೆ. ತುಂಬಿದ ಸಭೆಯಲ್ಲಿ ಗೆದ್ದವರ ಮುಂದೆ ನಿಂತು ಮಾತಾಡಿದ ಹೆಣ್ಣುಗಳ ನೆನಪು ಇರುವುದು ನಮ್ಮ ತಾಲ್ಲೂಕಿನಲ್ಲೇ, ಅದೂ ಎರಡು ಕಡೆ.

ಒಂದು ವಿದುರಾಶ್ವತ್ಥ. ವಿದುರ ನೆಟ್ಟ ಅರಳಿಮರ ಎಂಬ ಐತಿಹ್ಯದಿಂದ ಊರಿಗೆ ಆ ಹೆಸರು. ಸಂತಾನ ಬೇಡಿ ನಾಗರಕಲ್ಲು ಪ್ರತಿಷ್ಠೆ ಮಾಡಿಸುವವರಿಗೆ, 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಕ್ಕೆ ಸೇರಿದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದ್ದನ್ನು ನೆನೆಯುವವರಿಗೆ ಅದು ಗೊತ್ತಿರುವ ಊರು. ಆದರೆ ವಿದುರ ಯಾರು? ದ್ರೌಪದಿಯನ್ನು ಕೂದಲು ಹಿಡಿದು ಎಳೆತಂದಾಗ, ಇದು ಅಧರ್ಮ ಎಂದು ಕುರುಸಭೆಯಲ್ಲಿ ಬಾಯಿ ಬಿಟ್ಟ ಹಿರಿಯ. ಅವನ ಜೊತೆ ಎದ್ದವನು ಕೌರವರಲ್ಲೇ ಒಬ್ಬನಾದ ವಿಕರ್ಣ. ಆದರೆ ಸಭೆಗೆ ನೇರವಾಗಿ ಪ್ರಶ್ನೆ ಹಾಕಿದವಳು ದ್ರೌಪದಿಯೇ. ಧರ್ಮರಾಯ ಮೊದಲು ತನ್ನನ್ನು ಸೋತನೋ, ನನ್ನನ್ನು ಸೋತನೋ? ತಾನೇ ಸೋತು ದಾಸನಾದವನಿಗೆ ನನ್ನನ್ನು ಪಣಕ್ಕಿಡುವ ಹಕ್ಕು ಎಲ್ಲಿಂದ ಬಂತು? ಕರಾರುವಾಕ್ಕಾದ ಕಾನೂನಿನ ಪ್ರಶ್ನೆ. ಧರ್ಮ ಸೂಕ್ಷ್ಮವಾದದ್ದು ಎಂದು ಭೀಷ್ಮರು ಜಾರಿಕೊಂಡರು. ದ್ರೋಣ, ಕೃಪರೂ ನ್ಯಾಯ ಹೇಳಲಿಲ್ಲ.

ಇನ್ನೊಂದು ಅಲೀಪುರ. ಹರಳು ಉಜ್ಜುವ ಕಸುಬಿಗೂ ಮೊಹರಂ ಆಚರಣೆಗೂ ಹೆಸರಾದ ಶಿಯಾ ಮುಸ್ಲಿಮರ ಊರು. ಅಲ್ಲಿ ನೆನೆಯುವುದು ಪುರಾಣವನ್ನಲ್ಲ, ಇತಿಹಾಸವನ್ನು. ಕ್ರಿ.ಶ. 680ರ ಅಕ್ಟೋಬರ್, ಹಿಜರಿ 61ರ ಮೊಹರಂ ಹತ್ತನೇ ದಿನ ಕರ್ಬಲಾದಲ್ಲಿ ಪ್ರವಾದಿಯವರ ಮೊಮ್ಮಗ ಇಮಾಮ್ ಹುಸೇನರು ಹತರಾದರು. ಮನೆಯ ಹೆಂಗಸರನ್ನೂ ಮಕ್ಕಳನ್ನೂ ಸೆರೆಹಿಡಿದು ಕೂಫಾಕ್ಕೆ, ಅಲ್ಲಿಂದ ದಮಾಸ್ಕಸ್‌ಗೆ ಕರೆದೊಯ್ದರು. ಟ್ರಾಯ್ ಬಿದ್ದ ಮೇಲೆ ಅಲ್ಲಿನ ರಾಣಿ, ಸೊಸೆ, ಮಗಳು ಗ್ರೀಕರ ಹಡಗು ಹತ್ತಿದ್ದೂ ಹೀಗೇ ಸೆರೆಯಾಳುಗಳಾಗಿ. ಕರ್ಬಲಾದ ಸೆರೆಯಾಳುಗಳಲ್ಲಿ ಹುಸೇನರ ತಂಗಿ ಜೈನಬ್ ಇದ್ದರು. ಕೂಫಾದಲ್ಲಿ ಮಾತಾಡಿದರು, ದಮಾಸ್ಕಸ್ಸಿನಲ್ಲಿ ಗೆದ್ದ ದೊರೆ ಯಜೀದನ ಆಸ್ಥಾನದಲ್ಲೇ ನಿಂತು ಅವನ ಗೆಲುವು ಗೆಲುವೇ ಅಲ್ಲ ಎಂದು ಅವನಿಗೇ ಹೇಳಿದರು. ಕರ್ಬಲಾದ ಸುದ್ದಿ ಮರಳಿನಲ್ಲಿ ಹೂತು ಹೋಗದೆ ಉಳಿದದ್ದು ಆಕೆಯ ಮಾತಿನಿಂದ ಎಂಬುದು ಶಿಯಾ ಸಮುದಾಯದ ನಂಬಿಕೆ. ಮಜ್ಲಿಸ್ ಎಂಬ ಶೋಕಸಭೆಗಳಲ್ಲಿ ಇಂದಿಗೂ ಆ ಮಾತನ್ನು ನೆನೆಯುತ್ತಾರೆ. ಹೆಂಗಸರ ಮಜ್ಲಿಸ್‌ನಲ್ಲಿ ಅದನ್ನು ಹೇಳುವವರೂ ಹೆಂಗಸರೇ.

ಹಾಗೆಂದು ನಾವು ಗ್ರೀಕರಿಗಿಂತ ಮೇಲು ಎಂದು ಎದೆ ತಟ್ಟಿಕೊಳ್ಳುವ ಹಾಗಿಲ್ಲ. ದ್ರೌಪದಿಯ ಪ್ರಶ್ನೆಗೆ ಆ ಸಭೆ ನೆಟ್ಟಗೆ ಉತ್ತರ ಕೊಡಲೇ ಇಲ್ಲ. ಸೀತೆ ಬೆಂಕಿಗೂ ಇಳಿದಳು, ಕಾಡಿಗೂ ಹೋದಳು. ಗ್ರೀಕರಲ್ಲೂ ತಮ್ಮವರನ್ನೇ ಪ್ರಶ್ನಿಸಿದವರಿದ್ದರು. ಕ್ರಿ.ಪೂ. 416ರಲ್ಲಿ ಅಥೆನ್ಸಿನ ಸೇನೆ ಮೆಲೋಸ್ ದ್ವೀಪವನ್ನು ಗೆದ್ದು ಗಂಡಸರನ್ನು ಕೊಂದಿತು, ಹೆಂಗಸರು ಮಕ್ಕಳನ್ನು ಗುಲಾಮರನ್ನಾಗಿ ಮಾರಿತು. ಮರುವರ್ಷವೇ ಯೂರಿಪಿಡೀಸ್ ಅದೇ ಅಥೆನ್ಸಿನ ಪ್ರೇಕ್ಷಕರ ಮುಂದೆ ‘ಟ್ರಾಯಿನ ಹೆಂಗಸರು’ ನಾಟಕವಾಡಿಸಿದ. ಸೋತ ಊರಿನ ಹೆಣ್ಣುಗಳೇ ಅದರ ತುಂಬ ಮಾತಾಡುತ್ತಾರೆ. ಸ್ಪರ್ಧೆಯಲ್ಲಿ ಅದಕ್ಕೆ ಸಿಕ್ಕಿದ್ದು ಎರಡನೇ ಬಹುಮಾನ.

ಕನ್ನಡದ ಕವಿಗಳೂ ಹಳೆಯ ಕತೆಯನ್ನು ಹಾಗೇ ಬಿಟ್ಟಿಲ್ಲ. ‘ಶ್ರೀ ರಾಮಾಯಣ ದರ್ಶನಂ’ ಕಾವ್ಯದಲ್ಲಿ ಕುವೆಂಪು ಹೋಮರನಿಗೂ ವರ್ಜಿಲನಿಗೂ ನಮಸ್ಕಾರ ಹೇಳಿದರು, ಆದರೆ ಅವರ ದಾರಿ ಹಿಡಿಯಲಿಲ್ಲ. ಅಲ್ಲಿ ಸೀತೆಯೊಬ್ಬಳೇ ಬೆಂಕಿಗೆ ಇಳಿಯುವುದಿಲ್ಲ, ರಾಮನೂ ಇಳಿಯುತ್ತಾನೆ. ಗಿರೀಶ ಕಾರ್ನಾಡರು 1961ರ ‘ಯಯಾತಿ’ ನಾಟಕದಲ್ಲಿ ಚಿತ್ರಲೇಖೆಯನ್ನು ತಂದು ನಿಲ್ಲಿಸಿದರು. ಗಂಡ ತನ್ನ ಯೌವನವನ್ನು ಅಪ್ಪನಿಗೆ ಕೊಟ್ಟ. ಹಾಗಾದರೆ ನನ್ನ ಪಾಡೇನು ಎಂದು ಆ ಸೊಸೆ ಮಾವನನ್ನೇ ನಿಲ್ಲಿಸಿ ಕೇಳುತ್ತಾಳೆ. ಲಂಕೇಶರು ಕನ್ನಡಕ್ಕೆ ತಂದ ಗ್ರೀಕ್ ನಾಟಕ ‘ಅಂತಿಗೊನೆ’ಯ ನಾಯಕಿಯೂ ದೊರೆಯ ಮುಖಕ್ಕೆ ಹೇಳಿಯೇ ಸಾಯುತ್ತಾಳೆ. ಹೆಣ್ಣನ್ನು ಹೊಗಳಿದರೋ ತೆಗಳಿದರೋ ಎಂದು ನೋಡಿ ಕಾವ್ಯವನ್ನು ಅಳೆದರೆ ಸಾಲದು. ಸಭೆಯಲ್ಲಿ ಅವಳಿಗೆ ಮಾತಿತ್ತೇ, ಆಡಿದ ಮಾತಿಗೆ ಉತ್ತರ ಸಿಕ್ಕಿತೇ ಎಂದು ಕೇಳಬೇಕು.

ಇದೇ ಪ್ರಶ್ನೆಯನ್ನು ಇಂದಿನ ಸಭೆಗೂ ಹಾಕೋಣ. ಕರ್ನಾಟಕ 1987ರ ಚುನಾವಣೆಯಲ್ಲೇ ಪಂಚಾಯಿತಿ ಸ್ಥಾನಗಳ ಕಾಲು ಭಾಗವನ್ನು ಮಹಿಳೆಯರಿಗೆ ಮೀಸಲಿಟ್ಟ ರಾಜ್ಯ. 2010ರಿಂದ ಅದು ಅರ್ಧಕ್ಕೆ ಏರಿದೆ. ಫಲಕದ ಮೇಲೆ ಅಧ್ಯಕ್ಷೆಯ ಹೆಸರು, ಕುರ್ಚಿಯ ಪಕ್ಕದಲ್ಲಿ ಯಜಮಾನರು, ಫೋನಿಗೆ ಉತ್ತರಿಸುವವರೂ ಅವರೇ: ಈ ನೋಟ ಯಾವ ತಾಲ್ಲೂಕಿಗೂ ಹೊಸದಲ್ಲ. ಕುಡಿಯುವ ನೀರಿನಲ್ಲಿ ಫ್ಲೋರೈಡ್, ಬತ್ತಿದ ಕೊಳವೆಬಾವಿ, ಸಂಜೆ ಹೊತ್ತಿಗೆ ಬಸ್ಸಿಲ್ಲದ ರಸ್ತೆ, ಕೆಟ್ಟ ಬೀದಿದೀಪ. ಇವುಗಳ ಬಿಸಿ ಮೊದಲು ತಟ್ಟುವುದು ಹೆಂಗಸರಿಗೆ. ಗ್ರಾಮಸಭೆಯಲ್ಲಿ ಅವರು ಕೂರುವುದು ಕೊನೆಯ ಸಾಲಿನಲ್ಲಿ. ಎದ್ದು ನಿಂತರೆ ‘ಏಯ್, ಕೂತ್ಕೊಳ್ಳಮ್ಮ’ ಎನ್ನುವ ಟೆಲಿಮಾಕಸ್ ಪ್ರತಿ ಊರಲ್ಲೂ ಒಬ್ಬನಿದ್ದಾನೆ.

ಮುಂದಿನ ಗ್ರಾಮಸಭೆಗೆ ಮೂರು ಕೆಲಸ ಮಾಡಿ. ಮೊದಲ ಅರ್ಧ ಗಂಟೆ ಹೆಂಗಸರಿಗೇ ಬಿಡಿ. ಅವರು ಕೇಳಿದ್ದನ್ನು ಅವರ ಹೆಸರಿನಲ್ಲೇ ನಡಾವಳಿ ಪುಸ್ತಕದಲ್ಲಿ ಬರೆಸಿ, ಉತ್ತರವನ್ನೂ ಅದರ ಕೆಳಗೇ ಬರೆಸಿ. ಚುನಾಯಿತ ಸದಸ್ಯೆಯ ಗಂಡ ಬಂದರೆ ಜನರ ಸಾಲಿನಲ್ಲಿ ಕೂರಲಿ. ಕೂತ್ಕೊಳ್ಳಮ್ಮ ಎಂದು ಯಾರಾದರೂ ಗದರಿದರೆ, ಪಕ್ಕದಲ್ಲಿರುವ ನೀವು ವಿದುರನ ಹಾಗೆ ಎದ್ದು ನಿಲ್ಲಿ. ಭೀಷ್ಮರ ಹಾಗೆ ಸುಮ್ಮನೆ ಕೂರುವವರು ಈಗಾಗಲೇ ಬೇಕಾದಷ್ಟು ಜನ ಇದ್ದಾರೆ.