ಬಾಗಿಲು ಮುಚ್ಚಿಕೊಂಡು 'ಸರ್ವರಿಗೂ ಸ್ವಾಗತ'

ಕಳೆದ ಸೆಪ್ಟೆಂಬರ್‌ನಲ್ಲಿ ನಮ್ಮ ಮೊಬೈಲಿಗೆ ಒಂದು ಆಮಂತ್ರಣ ಬಂತು. ಆತ್ಮಹತ್ಯೆ ತಡೆಯುವ ಕುರಿತು ಆನ್‌ಲೈನ್ ಸಭೆ, ಸರ್ವರಿಗೂ ಸ್ವಾಗತ. ಆದರೆ ಆಮಂತ್ರಣ ಪೂರ್ತಿ ಇಂಗ್ಲಿಷಿನಲ್ಲಿತ್ತು. ಅದೂ ಚಿತ್ರದ ರೂಪದಲ್ಲಿ. ಅಂಧರಿಗೆ ಅಕ್ಷರ ಓದಿ ಹೇಳುವ ಮೊಬೈಲ್, ಚಿತ್ರದೊಳಗಿನ ಅಕ್ಷರದ ಮುಂದೆ ಹೆಚ್ಚಾಗಿ ಮೂಕವಾಗುತ್ತದೆ. ಸೇರಲು ಹೆಸರು, ಇ-ಮೇಲ್, ಫೋನ್ ನಂಬರ್, ಉದ್ಯೋಗ ಎಲ್ಲವನ್ನೂ ತುಂಬಬೇಕು. ಸಮಯ ಸಂಜೆ ಆರೂವರೆ. ಅದು ಮಗ್ರಿಬ್‌ನ ಹೊತ್ತು, ಅಡುಗೆಯ ಹೊತ್ತು, ಕೂಲಿಯಾಳು ಬಸ್ಸಿಗೆ ಕಾಯುವ ಹೊತ್ತು.

ಆದರೂ ಸೇರಿದೆವು. ತಜ್ಞರು ಚೆನ್ನಾಗಿಯೇ ಮಾತನಾಡಿದರು, ಇಂಗ್ಲಿಷಿನಲ್ಲಿ. ನಡುವೆ ಯಾರೋ ಕನ್ನಡದಲ್ಲಿ ಒಂದು ಪ್ರಶ್ನೆ ಬರೆದರು: "ನನ್ನ ಅಣ್ಣ ಮೂರು ದಿನದಿಂದ ಯಾರ ಜೊತೆಗೂ ಮಾತಾಡ್ತಿಲ್ಲ, ಏನು ಮಾಡಬೇಕು?" ವಂದನಾರ್ಪಣೆ ಮುಗಿಯುವವರೆಗೂ ಅದಕ್ಕೆ ಉತ್ತರ ಬರಲಿಲ್ಲ. ಸಭೆ ಯಶಸ್ವಿಯಾಯಿತೆಂಬ ವರದಿ ಮಾತ್ರ ಮರುದಿನವೇ ಬಂತು.

ಯಾರನ್ನು ಉಳಿಸಲು ಈ ಸಭೆಗಳು? ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ಪ್ರಕಾರ 2022ರಲ್ಲಿ ದೇಶದಲ್ಲಿ 1,70,924 ಮಂದಿ ಆತ್ಮಹತ್ಯೆಗೆ ಬಲಿಯಾದರು. ಅವರಲ್ಲಿ ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು ದಿನಗೂಲಿಗಳು. ಬಲಿಯಾದ ಮಹಿಳೆಯರಲ್ಲಿ ಅರ್ಧಕ್ಕಿಂತ ಹೆಚ್ಚು ಗೃಹಿಣಿಯರು. ಇವರಲ್ಲಿ ಎಷ್ಟು ಜನರಿಗೆ ಇ-ಮೇಲ್ ಇದ್ದೀತು? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಒಮ್ಮೆಯಾದರೂ ಇಂಟರ್‌ನೆಟ್ ಬಳಸಿದ ಮಹಿಳೆಯರು ಮೂವರಲ್ಲಿ ಒಬ್ಬರು ಮಾತ್ರ. ಆ ಮೇಲೆ ಸಂಖ್ಯೆ ಏರಿರಬಹುದು. ಆದರೆ ಮನೆಗೆಲ್ಲ ಒಂದೇ ಮೊಬೈಲ್, ಅದೂ ಗಂಡನ ಅಥವಾ ಮಗನ ಕೈಯಲ್ಲಿ ಎಂಬ ಸ್ಥಿತಿ ಎಷ್ಟು ಮನೆಗಳಲ್ಲಿ ಬದಲಾಗಿದೆ? ಅತ್ತೆಯ ಎದುರು ಕೂತು ಸೊಸೆ ಈ ಸಭೆ ಕೇಳುತ್ತಾಳೆಯೇ?

ಹೆಸರು ಕೇಳುವುದಂತೂ ಕ್ರೌರ್ಯವೇ ಸರಿ. ಬದುಕು ಸಾಕೆನಿಸಿದವನು ತನ್ನ ಹೆಸರನ್ನು ಅಪರಿಚಿತರ ಪಟ್ಟಿಗೆ ಸೇರಿಸಲು ಹೆದರುತ್ತಾನೆ. ಊರಿನವರಿಗೆ ತಿಳಿದೀತು, ತಂಗಿಯ ಮದುವೆ ನಿಂತೀತು, ಪೊಲೀಸರು ಬಂದಾರು ಎಂಬ ಭಯ ಅವನದು. ಆತ್ಮಹತ್ಯಾ ಪ್ರಯತ್ನವನ್ನು ಅಪರಾಧವೆಂದಿದ್ದ ಹಳೆಯ 309ನೇ ಕಲಮು 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇಲ್ಲ. ಅದಕ್ಕೂ ಮೊದಲೇ, 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ಅಂಥವನನ್ನು ತೀವ್ರ ಒತ್ತಡದಲ್ಲಿದ್ದವನೆಂದೇ ಭಾವಿಸಬೇಕೆಂದು ಹೇಳಿತ್ತು. ಇದನ್ನು ಕನ್ನಡದಲ್ಲಿ ಅವನಿಗೆ ಹೇಳಿದವರು ಯಾರು?

ಕಿವುಡರ ಮಾತು ಬಂದರೆ ಸಂಘಟಕರು ಖರ್ಚಿನ ಲೆಕ್ಕ ತೆಗೆಯುತ್ತಾರೆ. ಸಂಜ್ಞಾ ಭಾಷೆಯ ಅನುವಾದಕರು ಸಿಗುವುದಿಲ್ಲ, ಪರದೆಯ ಕೆಳಗೆ ಅಕ್ಷರ ಮೂಡಿಸುವುದು ಕಷ್ಟ ಎನ್ನುತ್ತಾರೆ. ಮುಖಪುಟದ ವಿನ್ಯಾಸಕ್ಕೆ, ಅತಿಥಿಯ ನೆನಪಿನ ಕಾಣಿಕೆಗೆ ಹಣ ಸಿಗುತ್ತದಲ್ಲ! (ಆನ್‌ಲೈನ್ ಸಭೆಗೆ ನೆನಪಿನ ಕಾಣಿಕೆ ಏಕೆಂದು ನಮಗೆ ಇನ್ನೂ ಅರ್ಥವಾಗಿಲ್ಲ.) ಅಂಗವಿಕಲರಿಗೆ ಮಾಹಿತಿ ಎಟಕುವಂತಿರಬೇಕೆಂದು 2016ರ ಕಾಯಿದೆ ಹೇಳುತ್ತದೆ. ಡಿಜಿಟಲ್ ಸೌಲಭ್ಯ ಎಟಕುವುದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದು 2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿದೆ. ಜೀವ ಉಳಿಸಲೆಂದೇ ನಡೆಯುವ ಸಭೆಗೆ ಈ ತೀರ್ಪು ಅನ್ವಯಿಸದಿದ್ದರೆ ಇನ್ನಾವುದಕ್ಕೆ ಅನ್ವಯಿಸೀತು?

ಪರರನ್ನಷ್ಟೇ ದೂರಿ ನಾವು ತಪ್ಪಿಸಿಕೊಳ್ಳುವಂತಿಲ್ಲ. ನಮ್ಮ ಸಮುದಾಯದ ವೇದಿಕೆಗಳೂ ಇಂಥ ಸಭೆ ನಡೆಸತೊಡಗಿವೆ, ಸಂತೋಷ. ಆದರೆ ಅಲ್ಲಿ ಅರ್ಧ ಸಮಯ ಆತ್ಮಹತ್ಯೆ ಹರಾಮ್ ಎಂದು ಹೇಳುವುದಕ್ಕೇ ಮುಗಿಯುತ್ತದೆ. ಹರಾಮ್ ಎಂಬುದು ಮುಸ್ಲಿಮನಿಗೆ ಗೊತ್ತಿಲ್ಲದ ಸಂಗತಿಯೇ? ಗೊತ್ತಿದ್ದೂ ಮುಳುಗುತ್ತಿರುವವನಿಗೆ ಅದನ್ನೇ ಮತ್ತೆ ಹೇಳಿದರೆ, ನನ್ನ ಈಮಾನೇ ಕೆಟ್ಟಿದೆ ಎಂದುಕೊಂಡು ಅವನು ಮತ್ತಷ್ಟು ಬಾಯಿ ಮುಚ್ಚುತ್ತಾನೆ. ಸಕ್ಕರೆ ಕಾಯಿಲೆಯವನಿಗೆ ನಾವು ಈಮಾನಿನ ಪಾಠ ಹೇಳುವುದಿಲ್ಲ, ಇನ್ಸುಲಿನ್ ಕೊಡಿಸುತ್ತೇವೆ. ರೋಗಕ್ಕೆ ಚಿಕಿತ್ಸೆ ಪಡೆಯಿರೆಂದು ಕಲಿಸಿದ ಪ್ರವಾದಿಯವರ(ಸ) ಅನುಯಾಯಿಗಳು ಮನಸ್ಸಿನ ರೋಗವನ್ನು ಮಾತ್ರ ಏಕೆ ಹೊರಗಿಟ್ಟರು?

ಮಾಡಬಹುದಾದದ್ದು ದೊಡ್ಡದೇನಲ್ಲ. ಹೆಸರು ಕೇಳದೆ ಒಳಗೆ ಬಿಡಿ. ಸಾದಾ ಫೋನಿನಿಂದ ಕರೆ ಮಾಡಿಯೂ ಕೇಳುವಂತಿರಲಿ. ಮುಗಿದ ಮೇಲೆ ಅದರ ಹತ್ತು ನಿಮಿಷದ ಸಾರವನ್ನು ಕನ್ನಡ, ಉರ್ದು, ಬ್ಯಾರಿ, ನವಾಯತಿಗಳಲ್ಲಿ ಧ್ವನಿಮುದ್ರಿಸಿ ವಾಟ್ಸಾಪ್‌ಗೆ ಬಿಡಿ. ಕೊಲ್ಲಿಯಲ್ಲಿರುವ ಮಗನೂ ಅದನ್ನು ಕೇಳಿಯಾನು, ಊರಿನ ತಾಯಿಯೂ ಕೇಳಿಯಾಳು. ಮುಖ್ಯವಾಗಿ, ಸಭೆ ನಡೆಯುವಾಗ ಕನ್ನಡ ಬಲ್ಲ ಆಪ್ತ ಸಮಾಲೋಚಕರೊಬ್ಬರು ಪ್ರಶ್ನೆಗಳಿಗಾಗಿಯೇ ಕಾದಿರಲಿ. ಇಂಥ ಮಾತು ಕೇಳಿ ಯಾರದೋ ಗಾಯ ಬಿಚ್ಚಿಕೊಂಡರೆ, ಅವರನ್ನು ಹಾಗೆಯೇ ಬಿಟ್ಟು ಪರದೆ ಆರಿಸುವುದು ಸರಿಯಲ್ಲ.

2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲೂ ರಾತ್ರಿ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಆ ಐದು ಅಂಕಿಗಳನ್ನು ಮಸೀದಿಯ ಫಲಕದಲ್ಲಿ, ನಮಾಝಿನ ವೇಳಾಪಟ್ಟಿಯ ಪಕ್ಕ ಬರೆಯೋಣವೆಂದು ನಮ್ಮ ಮೊಹಲ್ಲಾದಲ್ಲಿ ಕೇಳಿದೆವು. ಮಸೀದಿಯಲ್ಲಿ ಅದೆಲ್ಲ ಏಕೆ ಎಂದರು ಹಿರಿಯರೊಬ್ಬರು. ಬರುವ ಶುಕ್ರವಾರ ಮತ್ತೆ ಕೇಳಲಿದ್ದೇವೆ.